ಗೋಳಿಬಜೆಗೆ ರಜೆ

ಇವತ್ತು ಶಾಲೆಯ ಆಹಾರ ಮೇಳದಲ್ಲಿ ಬೇಯಿಸಿದ ಕಡಲೆಯ ವಾಸನೆ ಬಂದದ್ದೇ ತಡ, ನಾನು ನೆನಪಿನಲ್ಲೇ ಪೈವಳಿಕೆ ಶಾಲೆಯ ಐದನೇ ಕ್ಲಾಸಿಗೆ ಹೋಗಿ ಕುಳಿತೆ.

ಆಗ ನಮ್ಮ ಹೆಡ್ಮಾಸ್ಟ್ರು, ಪಂಚಾಯತಿನವರು, ನರ್ಸಮ್ಮ ಎಲ್ಲ ಸೇರಿ ಗೇಟಿನೆದುರಿನ ಮೋನಪ್ಪಣ್ಣನ ಅಂಗಡಿಯನ್ನು "ಆರೋಗ್ಯದ ಅಂಗಡಿ" ಮಾಡಿದ್ದರು. ಶಾಲೆಯ ಹೊತ್ತಿನಲ್ಲಿ ಎಣ್ಣೆಯಲ್ಲಿ ಕರಿದ ಗೋಳಿಬಜೆಗೆ ರಜೆ, ಬೇಯಿಸಿದ ಕಡಲೆ ಮಾತ್ರ.

ಒಂದು ಮಧ್ಯಾಹ್ನ ಹೆಡ್ಮಾಸ್ಟ್ರೇ ಮೆಲ್ಲನೆ ಅಲ್ಲಿಗೆ ಬಂದರು. ಅವರಿಗೆ ಸಿಕ್ಕರೆ ನಮಗೂ ಸಿಕ್ಕೀತೆಂದು ನಾವು ಹಿಂದೆಯೇ ನಿಂತೆವು.

"ಮೋನಪ್ಪ, ಗೋಳಿಬಜೆ ಉಂಟಾ?"

"ಶಾಲೆಯವರಿಗೆ ಕೊಡಬಾರದು ಅಂತ ನೀವೇ ಅಲ್ವಾ ಮಾಸ್ಟ್ರೇ ಹೇಳಿದ್ದು?"

"ಅದು ಮಕ್ಕಳಿಗೆ ಮಾರಾಯ!"

"ನೀವೆಂತ, ಶಾಲೆಯವರಲ್ವಾ?" ಎನ್ನುತ್ತ ಮೋನಪ್ಪಣ್ಣ ಕಡಲೆಯ ಪೊಟ್ಟಣ ಕೈಗಿತ್ತ.

ಮಾಸ್ಟ್ರು ತಿರುಗಿದರೆ ಎದುರಿಗೆ ನಾವು. ಕಷಾಯ ಕುಡಿದ ಮುಖದಲ್ಲಿ ಜಗಿಯುತ್ತ, "ರುಚಿ ಉಂಟು ಮಕ್ಕಳೇ" ಎಂದರು.

ಈಗ ನಾನೂ ಹೆಡ್ಮಾಸ್ಟ್ರು. ಗೋಳಿಬಜೆ ತಿನ್ನಬೇಕೆನಿಸಿದರೆ ಬಸ್ಸು ಹತ್ತಿ, ನಮ್ಮ ಶಾಲೆಯ ಮಕ್ಕಳು ಯಾರೂ ಇಲ್ಲದ ಬೋವಿಕಾನಕ್ಕೆ ಹೋಗುತ್ತೇನೆ.