ಕತ್ತರಿಸಿದ ಫ್ಯಾನಿನ ವೈರು

ಗಂಡನನ್ನು ‘ಅವರು’ ಅನ್ನಬೇಕಂತೆ. ನನ್ನ ಬಾಯಿಗೆ ಈಗ ಅದು ಬರುವುದಿಲ್ಲ. ಅವನು ಮೊದಲ ಸಲ ನನಗೆ ಹೊಡೆದದ್ದೇ ಕಾರಿನ ಕೀ ಕೊಡಲಿಲ್ಲ ಅಂತ. ಗಲ್ಫಿನ ಕೆಲಸ ಹೋಗಿ ಅವನು ಪೈವಳಿಕೆಯ ಹಳ್ಳಿಮನೆಯಲ್ಲಿ ಕೂತ ಮೇಲೆ ನನ್ನ ಕೆಲಸ ಅವನ ಕಣ್ಣಿಗೆ ಚುಚ್ಚುತ್ತಿತ್ತು. ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಬೆಳಿಗ್ಗೆ ಆರಕ್ಕೆ ಡ್ಯೂಟಿ. ಅಷ್ಟು ಬೇಗ ನಮ್ಮಲ್ಲಿಂದ ಬಸ್ಸಿಲ್ಲ. ಇದ್ದದ್ದು ಅಪ್ಪ ಬಾಡಿಗೆಗೆ ಓಡಿಸಿ, ರಿಪೇರಿಯನ್ನೂ ಕಲಿಸಿ, ನನಗೆ ಬಿಟ್ಟುಹೋದ ಹಳೆ ಕಾರು ಮಾತ್ರ.

ಆ ಕಾರು ಒಂದು ವಾರದಿಂದ ಕುದಿಯಲಿಕ್ಕೆ ಶುರುವಾಗಿತ್ತು. ಓಡುವಾಗ ಎಂತದ್ದೂ ಇಲ್ಲ. ಹೊಸಂಗಡಿ ದಾಟಿ ಹೈವೇ ಕೆಲಸದಿಂದ ಗಾಡಿಗಳು ಸಾಲುಗಟ್ಟುವ ಬ್ಲಾಕಿನಲ್ಲಿ ನಿಂತರೆ ಮುಗಿಯಿತು, ಹೀಟಿನ ಮುಳ್ಳು ಮೇಲೆ, ಬಾನೆಟ್ಟಿನಿಂದ ಆವಿ. ದಿನಾ ಲೇಟು. ಶನಿವಾರ ಲ್ಯಾಬಿನ ಮೇಲಿನವರು ಹೇಳಿಯೇಬಿಟ್ಟರು, “ಇನ್ನೊಂದು ಸಲ ಲೇಟಾದರೆ ಬರುವುದೇ ಬೇಡ.” ಮನೆಗೆ ಬಂದು ಹೇಳಿದರೆ ಅವನು ನಕ್ಕ. “ಕುಣಿಯಲಾರದವಳಿಗೆ ನೆಲ ಡೊಂಕಂತೆ. ಆ ಗುಜರಿ ಮಾರಿ ಮನೆಯಲ್ಲಿ ಕೂತುಕೋ.” ಎದುರು ಮಾತಾಡಿದ್ದಕ್ಕೆ ಕೆನ್ನೆಗೆ ಬಿತ್ತು, ತುಟಿ ಒಡೆಯಿತು.

ಆದಿತ್ಯವಾರ ಬೆಳಿಗ್ಗೆ ಬಾನೆಟ್ಟು ಎತ್ತಿದೆ. ತುಟಿ ಇನ್ನೂ ಉರಿಯುತ್ತಿತ್ತು. ರೇಡಿಯೇಟರಿನ ಹಿಂದೆ ಕರೆಂಟಿನ ಫ್ಯಾನುಂಟಲ್ಲ, ಗಾಡಿ ನಿಂತಾಗ ನೀರು ತಣಿಸುವುದು ಅದೇ. ಅದು ತಿರುಗುತ್ತಿರಲಿಲ್ಲ. ಮೋಟರು ಸತ್ತಿದೆಯಾ ಅಂತ ಬ್ಯಾಟರಿಯಿಂದ ನೇರ ವೈರು ಕೊಟ್ಟೆ, ಗರ್ರನೆ ತಿರುಗಿತು. ಫ್ಯೂಸ್ ಸರಿ ಉಂಟು. ಫ್ಯಾನಿಗೆ ಕರೆಂಟು ಬಿಡುವ ರಿಲೇ ಹೋಗಿದೆಯಾ ಅಂತ ಹಾರ್ನಿನದ್ದನ್ನು ಕಿತ್ತು ಇದಕ್ಕೆ ಹಾಕಿದೆ, ಇಲ್ಲ. ನೀರು ಬಿಸಿಯಾದದ್ದನ್ನು ಫ್ಯಾನಿಗೆ ತಿಳಿಸುವ ಸೆನ್ಸರಿನ ಪ್ಲಗ್ಗು ಕಳಚಿ, ತಲೆಯ ಪಿನ್ನಿನಿಂದ ಎರಡು ತುದಿ ಸೇರಿಸಿದೆ, ಆಗಲೂ ಇಲ್ಲ. ಹಾಗಾದರೆ ವೈರಿನಲ್ಲೇ ಎಂತದೋ ಉಂಟು. ಬೆರಳಾಡಿಸುತ್ತಾ ಹೋದೆ. ಫ್ಯಾನಿನ ಎಸಳಿನ ಪಕ್ಕದಲ್ಲೇ ಹೊಸ ಕಪ್ಪು ಟೇಪು. ಬಿಚ್ಚಿದರೆ ಒಳಗೆ ವೈರು ಎರಡು ತುಂಡು. ಇಲಿ ತುಂಡು ಮಾಡೀತು ಮಾರಾಯ್ರೆ, ಟೇಪು ಸುತ್ತೀತಾ?

ನನಗೆ ಸಿಟ್ಟು ನೆತ್ತಿಗೇರಿತು. ಅವನು ಜಗಲಿಯಲ್ಲಿ ನಿಂತು ನೋಡುತ್ತಿದ್ದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನಾನು ವೈರು ಕೂಡಿಸಿ, ಗಾಡಿ ಸ್ಟಾರ್ಟ್ ಮಾಡಿ, ಮುಳ್ಳು ಏರಲಿಕ್ಕೆ ಕಾದೆ. ಇನ್ನೇನು ಫ್ಯಾನು ತಿರುಗಬೇಕು, ಅಷ್ಟರಲ್ಲಿ ಓಡಿಬಂದು ಕೀ ಕಿತ್ತುಕೊಂಡ. ಎಂಜಿನ್ ನಿಂತಿತು. ಬಿಡಿಸಿಕೊಳ್ಳಲಿಕ್ಕೆ ಹೋದರೆ ಕೂದಲು ಹಿಡಿದು ಎಳೆದ, ನನ್ನ ಮಂಡೆ ಕಾರಿನ ಬಾಗಿಲಿಗೆ ಬಡಿಯಿತು. ಕೈಯಲ್ಲಿದ್ದ ಸ್ಪ್ಯಾನರಿನಿಂದ ಅವನ ಮೊಣಕಾಲಿಗೆ ಒಂದು ಕೊಟ್ಟೆ. ಸಮಾಧಾನ ಆಯ್ತು, ಸುಳ್ಳು ಯಾಕೆ ಹೇಳಲಿ. ಅವನು ಕುಂಟುತ್ತಾ ಹೋಗಿ ಬಾನೆಟ್ಟಿನೊಳಗೆ ಕೈ ಹಾಕಿದ, ವೈರನ್ನೇ ಕಿತ್ತು ಬಿಸಾಡಲಿಕ್ಕೆ.

“ಕೈ ತೆಗೆಯಿರಿ! ಬಿಸಿ ಇದ್ದರೆ ಅದು ಕೀ ಇಲ್ಲದೆಯೂ ತಿರುಗುತ್ತದೆ!” ಬೊಬ್ಬೆ ಹಾಕಿದೆ.

“ಕೀ ನನ್ನ ಕಿಸೆಯಲ್ಲುಂಟು. ಮಣ್ಣಂಗಟ್ಟಿ ತಿರುಗುವುದು!”

ತಿರುಗಿತು. ತಗಡಿನ ಎಸಳು. ರಕ್ತ ರೇಡಿಯೇಟರಿಗೆ ಹಾರಿತು, ನನ್ನ ಮುಖಕ್ಕೂ. ಬಲಗೈಯ ಎರಡು ಬೆರಳು ಎಲುಬು ಕಾಣುವಷ್ಟು ಸೀಳಿದ್ದವು. ಅಲ್ಲೇ ಬಿಟ್ಟುಬಿಡುವ ಅಂತ ಕಂಡದ್ದೂ ಹೌದು. ಆದರೂ ಶಾಲು ಸುತ್ತಿ, ಅವನ ಕಿಸೆಯಿಂದ ಕೀ ತೆಗೆದು, ಕಾರಿಗೆ ಹತ್ತಿಸಿದೆ.

ಬ್ಲಾಕಿನಲ್ಲಿ ನಿಂತೆವು. ಬಗ್ಗಿದ ಎಸಳು ಕಟಕಟ ಅನ್ನುತ್ತಿದ್ದರೂ ಫ್ಯಾನು ತಿರುಗಿತು, ಮುಳ್ಳು ಇಳಿಯಿತು. “ದಮ್ಮಯ್ಯ, ಬೇಗ ಹೋಗು,” ಅಂತ ಅವನು ಅಳುತ್ತಿದ್ದ.

“ಯಾಕೆ ಕತ್ತರಿಸಿದ್ದು?” ಕೇಳಿದೆ.

“ಕಾರು ಸರಿ ಇದ್ದರೆ ಒಂದು ದಿನ ಹೋದವಳು ನೀನು ಹಿಂದೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು.”

ನನಗೆ ಗೊತ್ತಿರಲಿಲ್ಲ. ಅಷ್ಟು ಪೆಟ್ಟು ತಿಂದರೂ ಅವನು ಹೇಳುವವರೆಗೆ ಆ ಯೋಚನೆ ನನಗೆ ಬಂದೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಲಿಕ್ಕೆ ಅವನನ್ನು ಒಳಗೆ ಕರಕೊಂಡು ಹೋದರು. ಅವನ ಅಣ್ಣನಿಗೆ ಫೋನು ಮಾಡಿ ಬರಲಿಕ್ಕೆ ಹೇಳಿದೆ. ನಾನು ಪೈವಳಿಕೆಗೆ ಮತ್ತೆ ಹೋಗಲಿಲ್ಲ. ಸೋಮವಾರ ಆರಕ್ಕೆ ಮೊದಲೇ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ.