ಅಪ್ಪನ ಮಂಚದ ಬಸ್ಸು

ಆಗೆಲ್ಲ ಬೇಸಿಗೆ ರಜೆಯೆಂದರೆ ನಮ್ಮ ದೊಡ್ಡೇರಿ ಕಡೆಯ ಮಕ್ಕಳಿಗೆ ಹುಣಸೆಹಣ್ಣಿನ ಕಾಲ. ಹಣ್ಣಿಗೆ ಉಪ್ಪು, ಮೆಣಸಿನಕಾಯಿ, ಬೆಲ್ಲ ಸೇರಿಸಿ ಕುಟ್ಟಿ, ಕಡ್ಡಿಗೆ ಮೆತ್ತಿಕೊಂಡು ನಾಲಿಗೆ ಸುಲಿಯುವವರೆಗೆ ಚೀಪುತ್ತಿದ್ದೆವು. ಆದರೆ ನಾನು ನಾಲ್ಕನೇ ಕ್ಲಾಸು ಮುಗಿಸಿದ ವರ್ಷದ ರಜೆ ನೆನೆದರೆ ಹುಣಸೆಗಿಂತ ಮೊದಲು ಮೂಗಿಗೆ ಬರುವುದು ಕಾಲು ಸೂಪಿನ ವಾಸನೆ. ಆ ಸಲ ಅಪ್ಪ ಕಾಲು ಮುರಿದುಕೊಂಡಿದ್ದ. ಯಾರಾದರೂ ಬೈದರೆ ಬೈಯಲಿ, ಅಷ್ಟು ಚೆನ್ನಾದ ರಜೆ ನನಗೆ ಮತ್ತೆ ಸಿಕ್ಕಿಲ್ಲ.

ಅಪ್ಪ ಮಧುಗಿರಿಯಿಂದ ಪಾವಗಡಕ್ಕೆ ಓಡುವ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್. ನಾವು ಏಳುವ ಮೊದಲೇ ಹೋಗುತ್ತಿದ್ದ, ಮಲಗಿದ ಮೇಲೆ ಬರುತ್ತಿದ್ದ. ನನಗೂ ತಮ್ಮ ಸೀನನಿಗೂ ಅಪ್ಪನೆಂದರೆ ಗೂಟಕ್ಕೆ ನೇತುಹಾಕಿದ ಖಾಕಿ ಅಂಗಿ ಮತ್ತು ದಿಂಬಿನ ಪಕ್ಕ ಇಟ್ಟಿರುತ್ತಿದ್ದ ಕಡ್ಲೆ ಮಿಠಾಯಿ, ಅಷ್ಟೇ. ಅಂಥವನು ಬಸ್ಸಿನ ಟಾಪಿನಿಂದ ಮೂಟೆ ಇಳಿಸುವಾಗ ಜಾರಿ ಬಿದ್ದು, ತೊಡೆಯವರೆಗೆ ಸಿಮೆಂಟ್ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದ. ಆರು ವಾರ ನೆಲಕ್ಕೆ ಕಾಲೂರುವಂತಿರಲಿಲ್ಲ. ಅವ್ವ ಮೂಲೆಯಲ್ಲಿ ಕೂತು ಅತ್ತಳು. ನಾವಿಬ್ಬರೂ ಹಗಲು ಬೆಳಕಿನಲ್ಲಿ ಅಪ್ಪ ಹೇಗೆ ಕಾಣುತ್ತಾನೆಂದು ನೋಡುತ್ತಾ ನಿಂತೆವು.

ಮೂರೇ ದಿನಕ್ಕೆ ಮಲಗಿ ಮಲಗಿ ಅಪ್ಪನಿಗೆ ತಲೆ ಕೆಟ್ಟಿತು. ಮನೆ ಮುಂದಿನ ಹೊಂಗೆಮರದ ಕೆಳಗೆ ಮಂಚ ಹಾಕಿಸಿಕೊಂಡ. ಸೀನ ಮೆಲ್ಲಗೆ ಮಂಚದ ತುದಿ ಹತ್ತಿದ್ದೇ ತಡ, ಗದರಿದ.

“ಲೇ, ಟಿಕೆಟ್ ತಗೊಂಡ್ಯಾ? ಎಲ್ಲಿಗ್ಲಾ ಹೋಗ್ಬೇಕು ನೀನು?”

“ಪಾ... ಪಾವಗಡ.”

“ಹಂಗಾದ್ರೆ ಒಳಿಕ್ ನಡಿ. ಬಾಗ್ಲಲ್ಲಿ ನಿಂತ್ಕಬ್ಯಾಡ. ರೈಟ್, ರೈಟ್!”

ಅಂದಿನಿಂದ ಮಂಚ ಬಸ್ಸಾಯಿತು. ಬೀದಿಯ ಮಕ್ಕಳೆಲ್ಲ ಪ್ರಯಾಣಿಕರು, ಟಿಕೆಟ್ಟಿಗೆ ಹತ್ತು ಹುಣಸೆ ಬೀಜ. ಚಿಲ್ಲರೆಗಾಗಿ ಜಗಳ ಬೇರೆ ಆಗುತ್ತಿತ್ತು. ಅಪ್ಪನ ಪಟ್ಟಿ ಹಾಕಿದ ಕಾಲು ಇಂಜಿನ್ನು, “ಮುಟ್ಟಬ್ಯಾಡ್ರಲಾ, ಬಿಸಿ ಐತೆ!” ದಾರಿಯಲ್ಲಿ ಮಿಡಿಗೇಶಿ ದಾಟಿದರೆ ತೆಲುಗು ಸೀಮೆ, ಅಪ್ಪನ ಮಾತೂ ತೆಲುಗಿಗೆ ತಿರುಗುತ್ತಿತ್ತು. “ಪಾವಗಡ! ದಿಗಂಡಮ್ಮಾ, ದಿಗಂಡಿ!” ಎಂದ ಕೂಡಲೇ ಎಲ್ಲರೂ ಧುಮುಕಬೇಕು. ನನಗೆ ಮಾತ್ರ ಇಳಿಯಲು ಮನಸ್ಸೇ ಬರುತ್ತಿರಲಿಲ್ಲ. ಮೂಳೆ ಬೇಗ ಕೂಡಲೆಂದು ಅವ್ವ ದಿನ ಬಿಟ್ಟು ದಿನ ಕಾಲು ಸೂಪು ಮಾಡುತ್ತಿದ್ದಳು. ಅಪ್ಪ ಎರಡು ಗುಟುಕು ಕುಡಿದು ಬಟ್ಟಲನ್ನು ನಮ್ಮ ಕಡೆ ತಳ್ಳುತ್ತಿದ್ದ. ಮೂಳೆ ಚೀಪಿ ಚೀಪಿ ದುಂಡಗಾದವರು ನಾವು.

ಆರನೇ ವಾರ ಹತ್ತಿರ ಬಂತು. ಅವ್ವ ಖುಷಿಯಿಂದ ದಿನ ಎಣಿಸುತ್ತಿದ್ದಳು, ನಾನು ದಿಗಿಲಿನಿಂದ. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಕೆರೆ ಏರಿಯ ಆಂಜನೇಯನ ಗುಡಿಗೆ ಹೋಗಿ ಕೈಮುಗಿದೆ. “ಸ್ವಾಮಿ, ಅಪ್ಪನ ಕಾಲು ಇಷ್ಟ್ ಬೇಗ ಕೂಡ್ಕಳದು ಬ್ಯಾಡ. ಕಾಯಿ ಒಡುಸ್ತೀನಿ.”

ಅದಾದ ನಾಲ್ಕನೇ ದಿನ ಎಕ್ಸ್‌ರೇ ತೆಗೆಸಲು ತುಮಕೂರಿಗೆ ಹೋದವರು ಬಾಡಿದ ಮುಖ ಹೊತ್ತು ಬಂದರು. ಮೂಳೆ ಕೂಡಿಲ್ಲ, ಆಪರೇಷನ್ ಮಾಡಿ ಒಳಗೆ ರಾಡು ಹಾಕಬೇಕು, ತಡವಾದರೆ ಕಾಲು ಕುಂಟಾಗುತ್ತದೆ ಎಂದಿದ್ದರು ಡಾಕ್ಟರು. “ಕುಂಟನ್ನ ಯಾರು ಬಸ್ಸು ಹತ್ತುಸ್ತಾರೆ, ಅತ್ತೆ?” ಎಂದು ಅವ್ವ ಅಜ್ಜಿಯ ಮುಂದೆ ಅತ್ತಳು.

ಅವ್ವ ಒಳಗೆ ಹೋದ ಮೇಲೆ ಅಜ್ಜಿಯ ಸೆರಗು ಹಿಡಿದು ಎಲ್ಲ ಹೇಳಿಬಿಟ್ಟೆ. ಅಜ್ಜಿ ಕೆಮ್ಮು ಬರುವವರೆಗೂ ನಕ್ಕಳು.

“ಅಯ್ಯೋ ನನ್ ಕಂದ! ನೀನ್ ಹೇಳ್ದಂಗೆ ಕೇಳಾಕೆ ಆ ದೇವ್ರೇನು ನಿಮ್ಮಪ್ಪನ ಬಸ್ನಾಗೆ ಕ್ಲೀನರಾ?”

ನಕ್ಕರೂ, ನನ್ನ ಸಮಾಧಾನಕ್ಕೋ ಏನೋ, ಹಳೇ ಪಂಚೆಯ ಚೂರನ್ನು ಅರಿಶಿನದಲ್ಲಿ ಅದ್ದಿ ಕೊಟ್ಟಳು. “ತಪ್ಪು ಕಾಣಿಕೆ ಕಟ್ಟು. ಬುದ್ಧಿ ಇಲ್ದೆ ಅಂದ್ಬುಟ್ಟೆ ಅನ್ನು. ಸಾಕು.” ನನ್ನ ಹತ್ತಿರ ಇದ್ದ ಎಂಟಾಣೆ ಇಟ್ಟು ಗಂಟು ಹಾಕಲು ಹೊರಟೆ.

“ಬಾ ಇಲ್ಲಿ,” ಎಂದ ಅಪ್ಪ, ಮಂಚದಿಂದ. ಎಲ್ಲ ಕೇಳಿಸಿಕೊಂಡಿದ್ದ. ಬೆನ್ನಿಗೆ ಬೀಳುವುದು ಖಂಡಿತ ಎಂದುಕೊಂಡೇ ಹೋದೆ. ಅವನು ಕಂಡಕ್ಟರ್ ಚೀಲದಲ್ಲಿ ತಡಕಾಡಿ ಒಂದು ರೂಪಾಯಿ ನಾಣ್ಯ ತೆಗೆದ.

“ಇದ್ನೂ ಅದ್ರಾಗೇ ಕಟ್ಟು ಕಣವ್ವ,” ಎಂದು ಮುಖ ಆ ಕಡೆ ತಿರುಗಿಸಿದ.

ನನ್ನ ತಪ್ಪು ಎಂಟಾಣೆಗೆ ಮುಗಿಯುವಷ್ಟು ಸಣ್ಣದಲ್ಲ ಎಂದುಕೊಂಡು ಎರಡನ್ನೂ ಬಿಗಿಯಾಗಿ ಕಟ್ಟಿದೆ.

ಆಪರೇಷನ್ ಚೆನ್ನಾಗಿ ಆಯಿತು. ಅಪ್ಪ ಕೋಲು ಹಿಡಿದು ನಡೆದ, ಆಮೇಲೆ ಕೋಲೂ ಬಿಟ್ಟ. ಹರಕೆ ಹರಕೆಯೇ ಎಂದು ಅಜ್ಜಿ ಕಾಯಿಯನ್ನೂ ಒಡೆಸಿದಳು. ದಸರಾ ಹೊತ್ತಿಗೆ ಖಾಕಿ ಅಂಗಿ ಗೂಟದಿಂದ ಇಳಿಯಿತು. ಆ ಬೆಳಿಗ್ಗೆ ಅಪ್ಪ ನಮ್ಮನ್ನು ಎಬ್ಬಿಸಿ, ತಲೆ ಸವರಿ ಹೋದ. ಮಂಚ ಮತ್ತೆ ಒಳಗೆ ಹೋಗಿ ಬರೀ ಮಂಚವಾಯಿತು.

ಹೋದ ವರ್ಷ ನನಗೆ ಡೆಂಗಿ ಜ್ವರ ಬಂದು ಎರಡು ವಾರ ರಜೆಯಲ್ಲಿದ್ದೆ. ಮಗಳು ಇಡೀ ದಿನ ಹಾಸಿಗೆಯ ಮೇಲೆ ಕೂತು ನನಗೆ ಚೌಕಾಬಾರದಲ್ಲಿ ಮೋಸ ಮಾಡಿ ಗೆಲ್ಲುತ್ತಿದ್ದಳು. ಸೋಮವಾರದಿಂದ ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿದಾಗ, ಇನ್ನೊಂದು ವಾರ ಜ್ವರ ಇದ್ದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿಬಿಟ್ಟಿತು. ಆಗ ಆ ಒಂದು ರೂಪಾಯಿ ನೆನಪಾಯಿತು. ಅದು ನನ್ನ ತಪ್ಪಿಗೆ ಅಪ್ಪ ಸೇರಿಸಿದ ಕಾಣಿಕೆಯಾಗಿರಲಿಲ್ಲ. ಅದು ಅವನದೇ ತಪ್ಪಿಗೆ.

ಕೇಳೋಣವೆಂದರೆ ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಕೇಳಬೇಕಾಗಿಯೂ ಇಲ್ಲ. ಆ ಬಸ್ಸಿನಲ್ಲಿ ಪಾವಗಡ ಬರುವುದೇ ಬೇಡ ಎಂದುಕೊಂಡು ಕೂತಿದ್ದವಳು ನಾನೊಬ್ಬಳೇ ಅಲ್ಲ.