ಬಾಗಿಲ ಮುಂದಿನ ಸ್ಕೂಟಿ

ಅಂಗವಿಕಲರ ಮನೆಮನೆಗೆ ಹೋಗುವ ಕೆಲಸ ನನ್ನದು. ರೋಣದಿಂದ ಜಕ್ಕಲಿ, ಸೂಡಿ, ಇಟಗಿ ಅಂತ ಸ್ಕೂಟಿ ಓಡಿಸಿ ಓಡಿಸಿ ಸೊಂಟ ಬಿದ್ದುಹೋಗಿದೆ. ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ಹೇಳಬಾರದು ಅಂತ ತರಬೇತಿಯಲ್ಲಿ ನಮ್ಮ ತಲೆಗೆ ತುಂಬಿದ್ದರು. ತುಂಬಿದವರು ನಮ್ಮ ಊರುಗಳನ್ನು ನೋಡಿರಲಿಕ್ಕಿಲ್ಲ. ಇಲ್ಲಿ ನನ್ನ ಸ್ಕೂಟಿ ಯಾರ ಬಾಗಿಲಿಗೆ ನಿಂತರೂ, ಆ ಮನೆಯಲ್ಲಿ ಏನೋ ಇದೆ ಅಂತ ಓಣಿಗೆಲ್ಲ ಗೊತ್ತಾಗುತ್ತದೆ.

ಜಕ್ಕಲಿಯ ಒಬ್ಬ ಹುಡುಗಿಗೆ ಹೊತ್ತು ಮುಳುಗಿದರೆ ಕಣ್ಣು ಕಾಣುತ್ತಿರಲಿಲ್ಲ. ಹಗಲಿನ ನೋಟವೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ, ಇದಕ್ಕೆ ಔಷಧವಿಲ್ಲ ಅಂದಿದ್ದರು ಡಾಕ್ಟರು. ಕೋಲು ಹಿಡಿದು ನಡೆಯುವುದನ್ನು ನಾನು ಅವಳಿಗೆ ಹಿತ್ತಲಲ್ಲಿ ಕಲಿಸುತ್ತಿದ್ದೆ. ಅಷ್ಟರಲ್ಲಿ ಸೂಡಿಯಿಂದ ಒಂದು ಸಂಬಂಧ ಬಂತು. ಹುಡುಗ ಅವಳಿಗೆ ಹಿಡಿಸಿದ್ದ. ಕಣ್ಣಿನ ವಿಷಯ ಮುಚ್ಚಿಡೋಣ ಅಂತ ಮನೆಯವರು. ಇವಳು ಜಗ್ಗಲಿಲ್ಲ.

"ಆ ಹುಡುಗಗ ಸೋಮವಾರ ಮಧ್ಯಾಹ್ನ ಬಾ ಅಂದೀನ್ರಿ ಅಕ್ಕಾರ. ನಾನ ಹೇಳ್ತೀನಿ. ಅಲ್ಲೀತನಕಾ ಯಾರ ಮುಂದೂ ಬ್ಯಾಡ."

ಎಂಥ ಗಟ್ಟಿಗಿತ್ತಿ ಅಂತ ಖುಷಿಯಾಯಿತು. ಆಯಿತು ಅಂದೆ.

ಸೋಮವಾರ ಬರುವ ಮುಂಚೆಯೇ ರೋಣದ ಸಂತೆಯಲ್ಲಿ ಆ ಹುಡುಗನ ಸೋದರತ್ತೆ ನನ್ನನ್ನು ಹಿಡಿದುಕೊಂಡಳು. "ಜಕ್ಕಲಿಯೊಳಗ ಆ ಮನಿಗೆ ಭಾಳ ಹೋಗ್ತೀರಂತಲ್ರಿ. ಹುಡುಗಿಗೆ ಏನರ ಐತೇನ್ರಿ?"

"ಯಾರ ಮನಿ ವಿಷಯನೂ ನಾ ಹೇಳಂಗಿಲ್ರಿ."

"ಏನೂ ಇಲ್ಲಂದ್ರ ಇಲ್ಲ ಅಂದಬಿಡ್ರಲಾ."

ಇಲ್ಲ ಅಂದರೆ ಸುಳ್ಳು, ಹೌದು ಅಂದರೆ ಆ ಹುಡುಗಿಗೆ ಮಾಡುವ ದ್ರೋಹ. ಬದನೆಕಾಯಿ ಆರಿಸುತ್ತ ಸುಮ್ಮನೆ ನಿಂತೆ.

"ಆತ ಬಿಡ್ರಿ, ತಿಳೀತು" ಅಂದು ಆಕೆ ಹೊರಟುಹೋದಳು. ಮರುದಿನವೇ ಸೂಡಿಯಿಂದ ಸಂಬಂಧ ಬೇಡ ಅಂತ ಫೋನು.

ಆಮೇಲೆ ಜಕ್ಕಲಿಗೆ ಹೋದಾಗ ಸ್ಕೂಟಿಯನ್ನು ಗುಡಿಯ ಹತ್ತಿರವೇ ಬಿಟ್ಟು ನಡೆದು ಹೋದೆ. ಇನ್ನು ಅದರಿಂದ ಏನು ಬಂತು! ಹುಡುಗಿಯ ತಾಯಿ ನನ್ನನ್ನು ಮಾತಾಡಿಸಲಿಲ್ಲ. ಯಾರು ಕೇಳಿದರೂ ನಾನು ನಿಯಮ ಮೀರಿಲ್ಲ ಅಂತ ಎದೆತಟ್ಟಿ ಹೇಳಬಲ್ಲೆ. ಹಾಗೆ ಹೇಳಿ ಹೇಳಿಯೇ ನನಗೆ ಸಾಕಾಗಿಹೋಗಿದೆ.

ಹುಡುಗಿ ಹಿತ್ತಲಲ್ಲಿ ಕೋಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನೀವು ಏನೂ ಹೇಳಿಲ್ಲಂತ ಗೊತ್ತೈತ್ರಿ ಅಕ್ಕಾರ" ಅಂದಳು. "ಬ್ಯಾಡ ಅನ್ನಾಂವ ಇದ್ರ ಅನ್ನಲಿ. ಆದ್ರ ನಾನ ಹೇಳಬೇಕಿತ್ತು. ಅದಕ್ಕ ಮಧ್ಯಾಹ್ನ ಬಾ ಅಂದಿದ್ನಿ. ಹೇಳೂಮುಂದ ಅವನ ಮಾರಿ ನನಗ ಕಾಣಬೇಕಿತ್ತು."